ರೋಡ್ ಬೈಕ್‌ಗೆ ಪವರ್ ಮೀಟರ್ ಬೇಕಾ?

ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯಿಂದ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವರಿಗೆ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ ಇದು.

ಪೆಡಲ್, ಕ್ರ್ಯಾಂಕ್ ಅಥವಾ ಹಿಂದಿನ ಚಕ್ರದ ಹಬ್‌ನಲ್ಲಿರುವ ಪವರ್ ಮೀಟರ್, ತುಳಿತದ ಪವರ್ ಅನ್ನು ವ್ಯಾಟ್‌ನಲ್ಲಿ ತೋರಿಸುತ್ತದೆ. ಎದುರುಗಾಳಿಗೆ ಸ್ಪೀಡ್ ಇಳಿದರೂ ಶ್ರಮ ಎಷ್ಟೆಂದು ತಕ್ಷಣ ಗೊತ್ತಾಗುತ್ತದೆ. ಎದೆಬಡಿತ ಏರಲು ಸ್ವಲ್ಪ ಹೊತ್ತು ಬೇಕು. ಎಡಗಾಲನ್ನಷ್ಟೇ ಅಳೆಯುವ ಮೀಟರ್‌ಗೆ ಬೆಲೆ ಕಮ್ಮಿ. ಆದರೆ ಅದು ಆ ಲೆಕ್ಕವನ್ನೇ ದುಪ್ಪಟ್ಟು ಮಾಡಿ ತೋರಿಸುತ್ತದೆ.

ಮೀಟರ್ ಇಲ್ಲದೆಯೂ ಏರಿನಲ್ಲಿ ಅಂದಾಜು ಸಿಗುತ್ತದೆ. ಸೈಕಲ್ ಸೇರಿ 80 ಕೆಜಿ ತೂಕದವರು 10 ನಿಮಿಷದಲ್ಲಿ 100 ಮೀಟರ್ ಎತ್ತರ ಏರಿದರೆ, ಅದಕ್ಕೇ ಸುಮಾರು 130 ವ್ಯಾಟ್. ಗಾಳಿ, ಟೈರ್ ಘರ್ಷಣೆಗೆ ಇನ್ನಷ್ಟು ಸೇರುತ್ತದೆ.

ರೇಸ್‌ಗೆ ಇಳಿಯುವವರು, ವ್ಯಾಟ್ ನೋಡಿ ಟ್ರೈನಿಂಗ್ ಮಾಡುವವರು ಕೊಳ್ಳಬಹುದು. ಭಾನುವಾರ ಮಾತ್ರ ತುಳಿಯುವವರಿಗೆ ವಾಚು ಸಾಕು. ದುಡ್ಡು ಮೊದಲು ಹೆಲ್ಮೆಟ್, ಒಳ್ಳೇ ಟೈರ್, ಹಿಂದಿನ ಲೈಟಿಗೆ ಹೋಗಲಿ.