ಒಂದು ವಾರ ಬಾಳುವ ಕಾಗದ: ಐರ್ಲೆಂಡಿನ ಚುನಾವಣಾ ಕರಪತ್ರಗಳ ಸಂಗ್ರಹ ಮತ್ತು ಚರಿತ್ರೆ

1968ರಲ್ಲಿ ಬೆಲ್‌ಫಾಸ್ಟ್ ನಗರದ ಒಂದು ಪಾನಗೃಹದಲ್ಲಿ ಜಿಮ್ಮಿ ವಿಟ್ಟಿ ಎಂಬವರ ಕೈಗೆ ನಾಗರಿಕ ಹಕ್ಕುಗಳ ಚಳವಳಿಯ ಒಂದು ಕರಪತ್ರ ಬಂದಿತು. ವಿಟ್ಟಿ ಅದೇ ನಗರದ ಲಿನನ್ ಹಾಲ್ ಗ್ರಂಥಾಲಯದ ಗ್ರಂಥಪಾಲಕರು. ಓದಿ ಮೇಜಿನ ಮೇಲೆ ಬಿಟ್ಟು ಹೋಗಬಹುದಾಗಿದ್ದ ಆ ಹಾಳೆಯನ್ನು ಅವರು ತೆಗೆದಿಟ್ಟುಕೊಂಡರು. 1788ರಲ್ಲಿ ಸ್ಥಾಪನೆಗೊಂಡ ಆ ಗ್ರಂಥಾಲಯದ ರಾಜಕೀಯ ಸಂಗ್ರಹ ಆರಂಭವಾದದ್ದು ಹೀಗೆ. ಮುಂದಿನ ಮೂರು ದಶಕಗಳ ಹಿಂಸೆಯ ಕಾಲದಲ್ಲಿ ಕರಪತ್ರ, ಭಿತ್ತಿಪತ್ರ, ಬಿಲ್ಲೆ, ಪಕ್ಷಪತ್ರಿಕೆಗಳೆಲ್ಲ ಅಲ್ಲಿಗೆ ಬಂದು ಸೇರಿ, ಇಂದು ಅವುಗಳ ಸಂಖ್ಯೆ ಎರಡೂವರೆ ಲಕ್ಷವನ್ನು ಮೀರಿದೆ. ಏಕೀಕರಣವಾದಿಗಳದ್ದು, ರಾಷ್ಟ್ರೀಯವಾದಿಗಳದ್ದು, ಸಶಸ್ತ್ರ ಗುಂಪುಗಳದ್ದು, ಶಾಂತಿವಾದಿಗಳದ್ದು ಎಂಬ ಭೇದವಿಲ್ಲದೆ ಎಲ್ಲವನ್ನೂ ಸ್ವೀಕರಿಸುವುದು ಅದರ ನಿಯಮ. 1990ರ ದಶಕದ ಆರಂಭದಲ್ಲಿ ಗ್ರಂಥಾಲಯದೊಳಗೆ ಬೆಂಕಿಬಾಂಬು ಸಿಡಿದಾಗಲೂ ಆ ನಿಯಮ ಸಡಿಲಗೊಳ್ಳಲಿಲ್ಲ.

ಚುನಾವಣಾ ಕರಪತ್ರ ಬಾಳಲೆಂದು ಹುಟ್ಟಿದ ವಸ್ತುವಲ್ಲ. ಮತದಾನದ ಮರುದಿನವೇ ಅದು ಕಸ. ಗೆದ್ದವನಿಗೆ ಅದರ ಅಗತ್ಯ ತೀರಿರುತ್ತದೆ, ಸೋತವನಿಗೆ ಅದನ್ನು ನೋಡುವ ಮನಸ್ಸಿರುವುದಿಲ್ಲ. ಹೀಗಿರುವಾಗ ಇಂಥ ಕಾಗದವನ್ನು ಕೂಡಿಡುವುದು ಹವ್ಯಾಸವಷ್ಟೇ ಎಂಬ ಭಾವನೆ ಸಹಜ. ಆದರೆ ಐರ್ಲೆಂಡಿನ ಚುನಾವಣಾ ವ್ಯವಸ್ಥೆಯನ್ನು ಗಮನಿಸಿದರೆ, ಅಧಿಕೃತ ದಾಖಲೆಗಳು ಮೌನವಾಗಿರುವ ಎಡೆಗಳಲ್ಲಿ ಈ ಹಾಳೆಗಳೇ ಮಾತನಾಡುವುದು ಕಂಡುಬರುತ್ತದೆ.

ಮೊದಲ ನಿದರ್ಶನ ಮತಪತ್ರದ್ದೇ. 1963ರ ಚುನಾವಣಾ ಕಾಯಿದೆಯ ಫಲವಾಗಿ 1965ರ ಸಾರ್ವತ್ರಿಕ ಚುನಾವಣೆಯಲ್ಲಿ ಮೊದಲ ಬಾರಿಗೆ ಐರ್ಲೆಂಡಿನ ಮತಪತ್ರದ ಮೇಲೆ ಪಕ್ಷದ ಹೆಸರು ಕಾಣಿಸಿಕೊಂಡಿತು. ಅಲ್ಲಿಯವರೆಗೆ ಮತದಾರನ ಮುಂದಿದ್ದದ್ದು ಅಭ್ಯರ್ಥಿಗಳ ಹೆಸರುಗಳ ಪಟ್ಟಿ ಮಾತ್ರ. 1951–52ರ ಮೊದಲ ಮಹಾಚುನಾವಣೆಯಿಂದಲೇ ಚಿಹ್ನೆಗಳನ್ನು ಕಂಡ ಭಾರತೀಯ ಓದುಗನಿಗೆ ಇದು ವಿಚಿತ್ರವೆನಿಸಬಹುದು. ಯಾವ ಹೆಸರು ಯಾವ ಪಕ್ಷದ್ದೆಂಬುದನ್ನು ಮತದಾರ ಮನೆಯಿಂದಲೇ ಅರಿತು ಬರಬೇಕಿತ್ತು. ಆ ಅರಿವನ್ನು ಕೊಟ್ಟ ಸಾಧನಗಳಲ್ಲಿ ಕರಪತ್ರ ಮುಖ್ಯವಾದುದು.

ಎರಡನೆಯದು ಎಣಿಕೆಯ ಕ್ರಮ. ಸ್ವತಂತ್ರ ಐರ್ಲೆಂಡ್ ಆರಂಭದಿಂದಲೂ ಅನುಸರಿಸಿದ್ದು ಏಕ ವರ್ಗಾವಣೀಯ ಮತದ ಪದ್ಧತಿಯನ್ನು. ಭಾರತದಲ್ಲಿ ರಾಜ್ಯಸಭೆಯ ಸದಸ್ಯರನ್ನು ವಿಧಾನಸಭೆಗಳು ಆರಿಸುವುದೂ ಇದೇ ಕ್ರಮದಲ್ಲಿ. ಒಂದು ಕ್ಷೇತ್ರಕ್ಕೆ ಹಲವು ಸದಸ್ಯರು. ಮತದಾರ 1, 2, 3 ಎಂದು ಆದ್ಯತೆಯನ್ನು ಗುರುತಿಸುತ್ತಾನೆ. ಇದರಿಂದಾಗಿ ಒಂದೇ ಪಕ್ಷದ ಇಬ್ಬರು ಅಭ್ಯರ್ಥಿಗಳು ಪರಸ್ಪರ ಸ್ಪರ್ಧಿಗಳೂ ಆಗುತ್ತಾರೆ. ಪಕ್ಷಗಳು ಕ್ಷೇತ್ರವನ್ನು ಹಂಚಿ, ಒಂದು ಭಾಗದಲ್ಲಿ ಮೊದಲ ಆದ್ಯತೆಯನ್ನು ಒಬ್ಬರಿಗೆ, ಇನ್ನೊಂದು ಭಾಗದಲ್ಲಿ ಮತ್ತೊಬ್ಬರಿಗೆ ಕೇಳುವುದು ರೂಢಿ. ಆದ್ದರಿಂದ ಒಂದೇ ಪಕ್ಷ, ಒಂದೇ ಕ್ಷೇತ್ರ, ಒಂದೇ ದಿನಕ್ಕೆ ಸೇರಿದ ಎರಡು ಹಾಳೆಗಳು ಬೇರೆ ಬೇರೆ ಕ್ರಮಾಂಕವನ್ನು ಸೂಚಿಸುತ್ತಿದ್ದರೆ ಅವನ್ನು ಮುದ್ರಣದೋಷವೆನ್ನಲಾಗದು. ಪಕ್ಷದೊಳಗಿನ ಗಡಿರೇಖೆ ಅಲ್ಲಿ ಅಚ್ಚಾಗಿರುತ್ತದೆ. ಫಲಿತಾಂಶದ ಪಟ್ಟಿ ಈ ರೇಖೆಯನ್ನು ತೋರಿಸದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ‘ಪ್ರತಿ’ಯೆಂದು ಎಸೆದ ಸಂಗ್ರಾಹಕ ಸಾಕ್ಷ್ಯವನ್ನೇ ಎಸೆದಂತೆ.

ಈ ಕಾಗದಗಳ ಕಾಲನಿರ್ಣಯ ಸುಲಭವಲ್ಲ. ಎಷ್ಟೋ ಹಾಳೆಗಳಲ್ಲಿ ಮತದಾನದ ವಾರ, ತಿಂಗಳು ಇರುತ್ತವೆ, ಇಸವಿ ಇರುವುದಿಲ್ಲ. ಅಂದಿನ ಓದುಗನಿಗೆ ಅದು ಬೇಕಿರಲಿಲ್ಲ. ಇಲ್ಲಿ ನೆರವಾಗುವುದು ಅಡಿಯಲ್ಲಿರುವ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ. ಬ್ರಿಟಿಷ್ ಆಳ್ವಿಕೆಯ 1883ರ ಕಾಯಿದೆ ಇದನ್ನು ಕಡ್ಡಾಯಗೊಳಿಸಿತ್ತು. ಐರ್ಲೆಂಡಿನ 1992ರ ಚುನಾವಣಾ ಕಾಯಿದೆಯೂ ಕೇಳುತ್ತದೆ. ಭಾರತದ 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 127ಎ ಕಲಮಿನ ಬೇಡಿಕೆಯೂ ಅದೇ. ಅಪಪ್ರಚಾರವನ್ನು ತಡೆಯಲೆಂದು ಹುಟ್ಟಿದ ನಿಯಮ ಚರಿತ್ರಕಾರನಿಗೆ ಕೈದೀಪವಾಗಿದೆ. ಲಿಪಿಯೂ ಒಂದು ಸುಳಿವು. ಐರಿಶ್ ಭಾಷೆಯನ್ನು ಹಳೆಯ ಗೇಲಿಕ್ ಅಕ್ಷರಗಳಲ್ಲಿ ಅಚ್ಚಿಡುವ ರೂಢಿ 1960ರ ದಶಕದಲ್ಲಿ ಹಿಂದೆ ಸರಿದು ರೋಮನ್ ಅಕ್ಷರ ನೆಲೆಗೊಂಡಿತು. ಆದರೆ ಶೀರ್ಷಿಕೆಯ ಅಲಂಕಾರವಾಗಿ ಹಳೆಯ ಅಕ್ಷರ ಆಮೇಲೂ ಉಳಿದುದರಿಂದ ಲಿಪಿಯೊಂದನ್ನೇ ನಂಬುವಂತಿಲ್ಲ.

ಭಾಷೆಯ ಸ್ಥಾನಮಾನದ ಪ್ರಶ್ನೆಯೂ ಇಲ್ಲಿ ಅಡಗಿದೆ. ಸಂಸತ್ತಿನ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಮತದಾರರಿಗೆ ಒಂದು ಪತ್ರವನ್ನು ಉಚಿತ ಅಂಚೆಯಲ್ಲಿ ಕಳುಹಿಸುವ ಹಕ್ಕುಂಟು. ಅದರ ಮೇಲೆ ಐರಿಶ್ ಭಾಷೆಯಲ್ಲಿ ‘ಚುನಾವಣಾ ಪತ್ರ’ ಎಂಬ ಒಕ್ಕಣೆ ಇರುತ್ತದೆ. ಒಳಗಿನ ಒಕ್ಕಣೆ ಬಹುಪಾಲು ಇಂಗ್ಲಿಷಿನದು. ಸಂವಿಧಾನದಲ್ಲಿ ಮೊದಲ ಅಧಿಕೃತ ಭಾಷೆ, ದಿನಬಳಕೆಯಲ್ಲಿ ಅಲ್ಪಸಂಖ್ಯಾತ ಭಾಷೆ: ಐರಿಶ್ ಭಾಷೆಯ ಈ ದ್ವಂದ್ವವನ್ನು ಯಾವ ಗ್ರಂಥಕ್ಕಿಂತ ಸಂಕ್ಷಿಪ್ತವಾಗಿ ಆ ಹೊದಿಕೆ ಹೇಳುತ್ತದೆ. 1969ರಲ್ಲಿ ಕಾನಮಾರಾ ಪ್ರದೇಶದ ಐರಿಶ್ ಭಾಷಿಕರು ತಮ್ಮ ನಾಗರಿಕ ಹಕ್ಕುಗಳ ಚಳವಳಿಯನ್ನು ಕಟ್ಟಿ, ಆ ವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಪಶ್ಚಿಮ ಗಾಲ್ವೇ ಕ್ಷೇತ್ರದಿಂದ ಅಭ್ಯರ್ಥಿಯೊಬ್ಬರನ್ನು ನಿಲ್ಲಿಸಿದರು. ಫಲಿತಾಂಶದ ಪಟ್ಟಿಯಲ್ಲಿ ಕಾಣುವುದು ಸೋಲು ಮಾತ್ರ. ಆದರೆ ಆ ಚಳವಳಿಯ ಒತ್ತಾಯದಿಂದ 1972ರಲ್ಲಿ ಐರಿಶ್ ಭಾಷೆಯ ಆಕಾಶವಾಣಿ ಕೇಂದ್ರ ಹುಟ್ಟಿಕೊಂಡಿತು. ಸೋತವರ ಬೇಡಿಕೆ ಗೆದ್ದ ಈ ಕಥೆಯನ್ನು ಅಂಕಿಗಳಿಂದ ಪುನಾರಚಿಸಲಾಗದು. ಬೇಡಿಕೆಯನ್ನು ಬರೆದಿಟ್ಟ ಕಾಗದ ಬೇಕು.

ಗೆದ್ದವರ ಕಥೆಗೂ ಕಾಗದ ಬೇಕು. 1917ರ ಮೇ ತಿಂಗಳಲ್ಲಿ ದಕ್ಷಿಣ ಲಾಂಗ್‌ಫರ್ಡ್ ಉಪಚುನಾವಣೆಯಲ್ಲಿ ಶಿನ್ ಫೇನ್ ಪಕ್ಷ ಇಂಗ್ಲೆಂಡಿನ ಸೆರೆಮನೆಯಲ್ಲಿದ್ದ ಜೋ ಮೆಗಿನ್ನಿಸ್ ಅವರನ್ನು ನಿಲ್ಲಿಸಿತು. ಕೈದಿಯ ಉಡುಪಿನ ಚಿತ್ರವಿದ್ದ ಭಿತ್ತಿಪತ್ರದ ತಾತ್ಪರ್ಯ ಇಷ್ಟೇ: ಅವರನ್ನು ಹೊರತರಬೇಕಾದರೆ ಸಂಸತ್ತಿನೊಳಕ್ಕೆ ಕಳುಹಿಸಿ. ಅವರು ಗೆದ್ದದ್ದು 37 ಮತಗಳಿಂದ. 1918ರ ಡಿಸೆಂಬರಿನ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ 30 ದಾಟಿದ ಅರ್ಹ ಮಹಿಳೆಯರಿಗೂ 21 ದಾಟಿದ ಪುರುಷರಿಗೂ ಮತದ ಹಕ್ಕು ದೊರೆತು, ಮತದಾರರ ಸಂಖ್ಯೆ ಸುಮಾರು 7 ಲಕ್ಷದಿಂದ 19 ಲಕ್ಷಕ್ಕೆ ಏರಿತ್ತು. 105 ಸ್ಥಾನಗಳಲ್ಲಿ 73 ಶಿನ್ ಫೇನ್ ಪಾಲಾದವು. ಅದರ ಪ್ರಣಾಳಿಕೆಯನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಮುನ್ನ ಸೆನ್ಸಾರ್ ಅನೇಕ ಭಾಗಗಳನ್ನು ಕತ್ತರಿಸಿ ಹಾಕಿತ್ತು. ಹಾಗಾಗಿ ಅಂದಿನ ಪತ್ರಿಕೆಗಳ ಕಡತವನ್ನಷ್ಟೇ ನೆಚ್ಚಿದ ಅಧ್ಯಯನ ಅಪೂರ್ಣ. ಇನ್ನೂ ಮುಖ್ಯವಾದ ಸಂಗತಿ, ಆ 73ರಲ್ಲಿ 25 ಕ್ಷೇತ್ರಗಳಲ್ಲಿ ಎದುರಾಳಿಯೇ ಇರಲಿಲ್ಲ. ಅಲ್ಲಿ ಮತದಾನ ನಡೆಯಲಿಲ್ಲ, ಆದ್ದರಿಂದ ಎಣಿಸಲು ಮತಗಳೂ ಇರಲಿಲ್ಲ.

ಭಯವೂ ಈ ಕಾಗದಗಳಲ್ಲಿ ಅಚ್ಚಾಗಿದೆ. 1932ರಲ್ಲಿ ಆಳುವ ಕುಮನ್ ನ ಗೇಲ್ ಪಕ್ಷ ಡಿ ವೆಲೆರಾ ಅವರ ಫಿಯಾನ ಫಾಲ್ ವಿರುದ್ಧ ಹೊರಡಿಸಿದ ಭಿತ್ತಿಪತ್ರವೊಂದು ಬಂದೂಕುಧಾರಿಯ ನೆರಳನ್ನು ಮನೆಯಿಂದ ದೂರವಿಡಿ ಎಂದು ಎಚ್ಚರಿಸಿತು. ಷಾನ್ ಓಕೇಸಿ ಅವರ 1923ರ ನಾಟಕದ ಹೆಸರನ್ನು ಬಳಸಿಕೊಂಡ ಮಾತದು. ಚುನಾವಣೆಯಲ್ಲಿ ಫಿಯಾನ ಫಾಲ್ ಮುಂದೆ ಬಂದು ಅಧಿಕಾರ ಶಾಂತವಾಗಿ ಹಸ್ತಾಂತರವಾಯಿತು. ಫಲವನ್ನು ಬಲ್ಲ ನಮಗೆ ಆ ಶಾಂತಿ ಸಹಜವೆಂದು ತೋರುತ್ತದೆ. ಅಂತರ್ಯುದ್ಧ ಮುಗಿದು ಒಂಬತ್ತೇ ವರ್ಷಗಳಾಗಿದ್ದ ಮತದಾರನಿಗೆ ಅದು ಸಹಜವಾಗಿರಲಿಲ್ಲವೆಂಬುದನ್ನು ಭಿತ್ತಿಪತ್ರ ನೆನಪಿಸುತ್ತದೆ. 1977ರಲ್ಲಿ ಜ್ಯಾಕ್ ಲಿಂಚ್ ಅವರನ್ನು ಮರಳಿ ತರುವ ಘೋಷಣೆಯೊಡನೆ ಅದೇ ಫಿಯಾನ ಫಾಲ್ 148ರಲ್ಲಿ 84 ಸ್ಥಾನ ಗೆದ್ದಾಗ ಭಯದ ಜಾಗವನ್ನು ನಾಯಕನ ಹೆಸರು, ಹಾಡು, ಮನೆ ತೆರಿಗೆಯ ರದ್ದತಿಯ ಭರವಸೆ ತುಂಬಿದ್ದವು.

ಐರ್ಲೆಂಡಿನ ಈ ಕಾಗದಲೋಕಕ್ಕೂ ಕನ್ನಡ ಕರಾವಳಿಗೂ ಒಂದು ನೇರ ಕೊಂಡಿಯಿದೆ. 1908ರಲ್ಲಿ ಹ್ಯಾನಾ ಶೀಹಿ ಸ್ಕೆಫಿಂಗ್ಟನ್ ಅವರೊಡನೆ ಐರಿಶ್ ಮಹಿಳಾ ಮತಾಧಿಕಾರ ಸಂಘವನ್ನು ಕಟ್ಟಿದ ಮಾರ್ಗರೆಟ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. 1919–20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿದ್ದರು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನಸಭೆಗೆ ಸ್ಪರ್ಧಿಸಿದಾಗ ಪ್ರೇರಣೆಯಾಗಿ, ಪ್ರಚಾರಕ್ಕೂ ನಿಂತವರು ಈ ಕಸಿನ್ಸ್. ಕಮಲಾದೇವಿ ಅಲ್ಪ ಅಂತರದಿಂದ ಸೋತರು. ಕಾಸರಗೋಡು ಅಂದು ದಕ್ಷಿಣ ಕನ್ನಡ ಜಿಲ್ಲೆಯ ಭಾಗ.

ಮೂವತ್ತು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ಆ ಕಾಸರಗೋಡು ಕೇರಳಕ್ಕೆ ಸೇರಿತು. ಕೆಲವೇ ತಿಂಗಳಲ್ಲಿ ನಡೆದ 1957ರ ಚುನಾವಣೆಯಲ್ಲಿ ಮಂಜೇಶ್ವರದಿಂದ ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1918ರ ಆ 25 ಕ್ಷೇತ್ರಗಳಂತೆ ಇಲ್ಲಿಯೂ ಮತದಾನ ನಡೆಯಲಿಲ್ಲ; ಗಡಿಯ ಕನ್ನಡಿಗ ಆ ಹೊತ್ತಿನಲ್ಲಿ ಏನನ್ನು ಬಯಸಿದನೆಂಬುದಕ್ಕೆ ಅಧಿಕೃತ ಅಂಕಿಯೊಂದೂ ಇಲ್ಲ. ಅಂಕಿಯಿಲ್ಲದ ಕಡೆ ಉಳಿಯುವುದು ಮನೆಗಳ ಅಟ್ಟದಲ್ಲಿ, ಹಳೆಯ ಲೆಕ್ಕದ ಪುಸ್ತಕಗಳ ನಡುವೆ, ಅಚ್ಚುಕೂಟಗಳ ಮೂಲೆಯಲ್ಲಿ ಸಿಗಬಹುದಾದ ಕಾಗದ. ಒಂದೊಂದು ಮನೆ ಕೆಡವಿದಾಗಲೂ ಅದು ರದ್ದಿಗೆ ಹೋಗುತ್ತದೆ. ಅದನ್ನು ತೂಕಕ್ಕೆ ಹಾಕುವ ಮುನ್ನ ಒಬ್ಬರು ಬಿಡಿಸಿ ಓದಿ, ಅಡಿಯಲ್ಲಿರುವ ಅಚ್ಚುಕೂಟದ ಹೆಸರನ್ನು ನೋಡಿ, ಒಲವು ವಿರೋಧಗಳನ್ನು ಎಣಿಸದೆ ತೆಗೆದಿಡಬೇಕು. ಬೆಲ್‌ಫಾಸ್ಟಿನಲ್ಲಿ 1968ರಲ್ಲಿ ನಡೆದದ್ದು ಇಷ್ಟೇ.