ಶಾಸನಗಳಲ್ಲಿ ಕಂಡುಬರುವ ವಿದ್ಯಾರ್ಥಿಜೀವನ

ಪ್ರಾಚೀನ ಕಾಲದ ವಿದ್ಯಾರ್ಥಿ ಎಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವ ಚಿತ್ರವು ಒಂದೇ ಆಗಿರುವುದು. ಅರಣ್ಯದ ಅಂಚಿನಲ್ಲೊಂದು ಪರ್ಣಶಾಲೆ, ಸಮಿತ್ತುಗಳ ಹೊರೆಯನ್ನು ಹೊತ್ತು ಬರುವ ವಟು, ಮನೆಮನೆಯ ಭಿಕ್ಷೆ, ಗುರುವಿನ ಗೋವುಗಳ ಪಾಲನೆ. ಗೃಹ್ಯಸೂತ್ರಗಳೂ ಪುರಾಣಕಥೆಗಳೂ ಈ ಚಿತ್ರವನ್ನು ನಮಗೆ ಕೊಟ್ಟಿವೆ. ಇದು ಸುಳ್ಳಲ್ಲ, ಆದರೆ ಇದೇ ಸಮಗ್ರವೂ ಅಲ್ಲ. ನೂರಾರು ಮಂದಿ ವಿದ್ಯಾರ್ಥಿಗಳು ಒಂದೆಡೆ ನೆರೆದು, ಹಲವು ಶಾಸ್ತ್ರಗಳನ್ನು ಹಲವು ಉಪಾಧ್ಯಾಯರಿಂದ ಕಲಿಯುತ್ತಿದ್ದ ಘಟಿಕಾಸ್ಥಾನಗಳೂ ಶಾಲೆಗಳೂ ದಕ್ಷಿಣದೇಶದಲ್ಲಿ ಇದ್ದುವು. ಇಂದಿನ ಮಾತಿನಲ್ಲಿ ಅವುಗಳನ್ನು ವಿಶ್ವವಿದ್ಯಾನಿಲಯಗಳೆಂದರೂ ಅತಿಶಯೋಕ್ತಿಯಾಗದು. ಅಲ್ಲಿಯ ವಿದ್ಯಾರ್ಥಿಯು ಏನು ಉಂಡನು, ಎಲ್ಲಿ ಮಲಗಿದನು, ರಾತ್ರಿಯಲ್ಲಿ ಯಾವ ಬೆಳಕಿನಲ್ಲಿ ಓದಿದನು ಎಂಬ ಪ್ರಶ್ನೆಗಳಿಗೆ ಕಾವ್ಯಗಳಿಗಿಂತಲೂ ಕಲ್ಲುಗಳು ಹೆಚ್ಚು ಸ್ಪಷ್ಟವಾಗಿ ಉತ್ತರ ಹೇಳುತ್ತವೆ.

ಮೊದಲು ನಮ್ಮ ನಾಡಿನ ಸಾಲೋಟಗಿಯ ಶಾಸನವನ್ನೇ ನೋಡೋಣ. ಈ ಗ್ರಾಮವು ವಿಜಯಪುರ ಜಿಲ್ಲೆಯ ಇಂಡಿಯ ಬಳಿ ಇದೆ. ಶಾಸನದಲ್ಲಿ ಇದರ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬವನು ಶಕ 867ರಲ್ಲಿ, ಎಂದರೆ ಕ್ರಿ.ಶ. 945ರಲ್ಲಿ, ಇಲ್ಲಿ ಒಂದು ಶಾಲೆಯನ್ನು ನಿರ್ಮಿಸಿದನು. ನಾನಾ ಜನಪದಗಳಲ್ಲಿ ಹುಟ್ಟಿದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಓದುತ್ತಿದ್ದರೆಂದು ಶಾಸನವು ಹೇಳುತ್ತದೆ. ಅವರ ವಸತಿಗಾಗಿ 27 ನಿವೇಶನಗಳನ್ನು ಬಿಟ್ಟುಕೊಡಲಾಯಿತು. ಶಾಲೆಯ ನಿರ್ವಾಹಕ್ಕೆ 500 ನಿವರ್ತನ ಭೂಮಿ, ಉಪಾಧ್ಯಾಯನ ಜೀವನಕ್ಕೆ 50 ನಿವರ್ತನ, ದೀಪದ ವೆಚ್ಚಕ್ಕೆಂದೇ ಪ್ರತ್ಯೇಕವಾಗಿ 12 ನಿವರ್ತನ. ವಾಚಕರು ಈ ಕಡೆಯ ಅಂಕಿಯನ್ನು ತುಸು ನಿಂತು ನೋಡಬೇಕು. ಗುರುವಿನ ವೃತ್ತಿಯ ಸುಮಾರು ಕಾಲುಭಾಗದಷ್ಟು ಭೂಮಿಯನ್ನು ಬರಿಯ ಬೆಳಕಿಗಾಗಿ ಕೊಟ್ಟಿದ್ದಾರೆ. ಹಗಲಿನ ಪಾಠವು ರಾತ್ರಿಯ ಆವೃತ್ತಿಯಿಲ್ಲದೆ ನಿಲ್ಲದೆಂಬುದನ್ನು ದಾತನು ಚೆನ್ನಾಗಿ ಬಲ್ಲವನಾಗಿದ್ದನು.

ಇಷ್ಟಕ್ಕೇ ಮುಗಿಯಲಿಲ್ಲ. ಊರಿನಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ ಎರಡೂವರೆ, ಚೌಲವಾದರೆ ಅದರ ಅರ್ಧ ಒಂದೂಕಾಲು ಸಲ್ಲಬೇಕೆಂದು ಕಟ್ಟಳೆಯಾಯಿತು. ಔತಣ ನಡೆದರೆ ಶಾಲೆಯವರಿಗೂ ಶಕ್ತ್ಯನುಸಾರ ಊಟವಿಕ್ಕಬೇಕು. ಹೀಗೆ ಗ್ರಾಮದ ಪ್ರತಿಯೊಂದು ಮಂಗಳಕಾರ್ಯದಲ್ಲಿಯೂ ಪರದೇಶದಿಂದ ಬಂದ ಬಾಲಕನಿಗೊಂದು ಪಾಲಿದ್ದಿತು. ಕ್ರಿ.ಶ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಅನಂತರವೂ ಎಷ್ಟೋ ಬಡ ಹುಡುಗರು ವಾರಾನ್ನದಿಂದ ಓದಿ ವಿದ್ವಾಂಸರಾದರು. ಆ ವಾರಾನ್ನವು ಗೃಹಿಣಿಯ ದಯೆಯನ್ನು ಅವಲಂಬಿಸಿದ್ದಿತು. ಪಾವಿಟ್ಟಗೆಯಲ್ಲಾದರೋ ಅದು ಶಾಸನಬದ್ಧವಾದ ಹಕ್ಕಾಗಿದ್ದಿತು. ದಯೆಯಿಂದ ಉಣ್ಣುವುದಕ್ಕೂ ಹಕ್ಕಿನಿಂದ ಉಣ್ಣುವುದಕ್ಕೂ ಇರುವ ಅಂತರವನ್ನು ಪಾಠಶಾಲೆಗಳಲ್ಲಿ ಓದಿದವರಿಗೆ ವಿವರಿಸಬೇಕಾದುದಿಲ್ಲ.

ಇನ್ನು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಸಮೀಪದ ನಾಗಾವಿಗೆ ಬರೋಣ. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ, ಕ್ರಿ.ಶ. 1058ರಲ್ಲಿ, ದಂಡನಾಯಕ ಮಧುಸೂದನನು ಇಲ್ಲಿಯ ಘಟಿಕಾಶಾಲೆಗೆ ವ್ಯವಸ್ಥೆ ಮಾಡಿಸಿದನು. ವೇದಾಧ್ಯಯನ ಮಾಡುವವರು 200 ಮಂದಿ, ಶಾಸ್ತ್ರಾಭ್ಯಾಸಿಗಳು ಸುಮಾರು ಐವತ್ತು ಮಂದಿ. ವೇದಕ್ಕೆ ಮೂವರು ಉಪಾಧ್ಯಾಯರು. ಭಾಟ್ಟದರ್ಶನ, ಪ್ರಾಭಾಕರ, ನ್ಯಾಯ ಇವುಗಳಿಗೆ ಮತ್ತೆ ಮೂವರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಪುಸ್ತಕಗಳ ರಕ್ಷಕರು. ಪಾಠ ಹೇಳುವವರು ಆರು ಜನ, ಗ್ರಂಥಗಳನ್ನು ಕಾಯುವವರೂ ಆರು ಜನ! ತಾಳೆಗರಿಯನ್ನು ಗೆದ್ದಲಿನಿಂದಲೂ ತೇವದಿಂದಲೂ ಉಳಿಸುವುದು, ಶಿಥಿಲವಾದುದನ್ನು ಮತ್ತೆ ಪ್ರತಿ ಮಾಡುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ಬಲ್ಲವರಿಗೆ ಈ ಸಮಸಂಖ್ಯೆಯು ಆಶ್ಚರ್ಯವನ್ನುಂಟುಮಾಡದು.

ವಿದ್ಯಾರ್ಥಿಯ ಅನ್ನದ ಲೆಕ್ಕವನ್ನು ಅಳತೆಗೋಲಿನಿಂದ ಅಳೆದು ತೋರಿಸುವುದು ತಮಿಳುನಾಡಿನ ಎಣ್ಣಾಯಿರದ ಶಾಸನ. ಇದು ರಾಜೇಂದ್ರಚೋಳನ ಕಾಲದ್ದು, ಹನ್ನೊಂದನೆಯ ಶತಮಾನದ ಪೂರ್ವಾರ್ಧಕ್ಕೆ ಸೇರಿದುದು. ಇಲ್ಲಿ ಕಿರಿಯ ವಿದ್ಯಾರ್ಥಿಗಳು 270, ಹಿರಿಯರು 70, ಒಟ್ಟು 340. ಕಿರಿಯರಲ್ಲಿ ಋಗ್ವೇದಕ್ಕೆ 75, ಯಜುರ್ವೇದಕ್ಕೆ 75, ರೂಪಾವತಾರವೆಂಬ ವ್ಯಾಕರಣಗ್ರಂಥಕ್ಕೆ 40. ಉಳಿದವರು ಇತರ ಶಾಖೆಗಳವರು. ಹಿರಿಯರಲ್ಲಿ ವ್ಯಾಕರಣಕ್ಕೆ 25, ಪ್ರಾಭಾಕರ ಮೀಮಾಂಸೆಗೆ 35, ವೇದಾಂತಕ್ಕೆ 10. ಕಿರಿಯನಿಗೆ ದಿನವೊಂದಕ್ಕೆ ಆರು ನಾಳಿ ಭತ್ತ. ಹಿರಿಯನಿಗೆ ಒಂದು ಕುರುಣಿ ಎರಡು ನಾಳಿ, ಎಂದರೆ ಹತ್ತು ನಾಳಿ. ರೂಪಾವತಾರದ ಕರ್ತೃ ಧರ್ಮಕೀರ್ತಿಯು ಬೌದ್ಧನು. ವೈದಿಕರ ಶಾಲೆಯಲ್ಲಿ ಬೌದ್ಧನ ವ್ಯಾಕರಣವು ನಿಸ್ಸಂಕೋಚವಾಗಿ ನಡೆಯುತ್ತಿದ್ದಿತೆಂಬುದು ನಮ್ಮ ಹಿರಿಯರ ವಿದ್ಯಾಪಕ್ಷಪಾತಕ್ಕೆ ನಿದರ್ಶನವಾಗಿದೆ.

ಕಾಂಚಿಯ ಸಮೀಪದ ತಿರುಮುಕ್ಕೂಡಲಿನಲ್ಲಿ ವೀರರಾಜೇಂದ್ರಚೋಳನ ಕಾಲದ ಮತ್ತೊಂದು ಶಾಸನವಿದೆ. ಅಲ್ಲಿಯ ದೇವಾಲಯದ ಶಾಲೆಯಲ್ಲಿ ಅರುವತ್ತು ಮಂದಿಯ ಅಶನವಸತಿಗಳ ಏರ್ಪಾಡು ಇದ್ದಿತು. ಮಲಗಲು ಚಾಪೆ, ರಾತ್ರಿಗೆ ದೀಪ, ಶನಿವಾರಗಳ ಅಭ್ಯಂಜನಕ್ಕೆ ಎಣ್ಣೆ, ಇವೆಲ್ಲವೂ ಲೆಕ್ಕದಲ್ಲಿವೆ. ಇದಕ್ಕೆ ಹೊಂದಿಕೊಂಡೇ ಹದಿನೈದು ಹಾಸಿಗೆಗಳ ಒಂದು ಆತುರಶಾಲೆ. ಅದರಲ್ಲಿ ವೈದ್ಯನೊಬ್ಬ, ಶಸ್ತ್ರಚಿಕಿತ್ಸಕನೊಬ್ಬ, ಮೂಲಿಕೆಗಳನ್ನು ತರುವವರು ಇಬ್ಬರು, ಶುಶ್ರೂಷೆಗೆ ಇಬ್ಬರು ಸ್ತ್ರೀಯರು. ದಶಮೂಲಹರೀತಕಿ, ಬಿಲ್ವಾದಿಘೃತ ಮೊದಲಾದ ಔಷಧಗಳನ್ನು ವರ್ಷಕ್ಕೆ ಇಷ್ಟಿಷ್ಟೆಂದು ಶೇಖರಿಸಿಡುತ್ತಿದ್ದರು. ತಾಯ್ತಂದೆಗಳಿಂದ ದೂರವಿರುವ ಹುಡುಗನಿಗೆ ಜ್ವರ ಬಂದರೆ ನೋಡುವವರಾರು ಎಂಬ ಚಿಂತೆಗೆ ಒಂಬೈನೂರು ವರ್ಷಗಳಿಗೂ ಹಿಂದೆ ದೊರೆತ ಉತ್ತರವಿದು.

ವಿದ್ಯಾರ್ಥಿಜೀವನವೆಂದ ಮೇಲೆ ಜಗಳವೂ ಇರಬೇಕಷ್ಟೆ. ಅಂಥ ಒಂದು ಜಗಳವೇ ಕನ್ನಡನಾಡಿನ ಚರಿತ್ರೆಯನ್ನು ತಿರುಗಿಸಿತು. ತಾಳಗುಂದದ ಸ್ತಂಭಶಾಸನವು ಹೇಳುವಂತೆ, ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಅಧ್ಯಯನಕ್ಕಾಗಿ ಕಾಂಚಿಯ ಘಟಿಕೆಯನ್ನು ಸೇರಿದನು. ಅಲ್ಲಿ ಪಲ್ಲವರ ಅಶ್ವಸಂಸ್ಥನೊಡನೆ ಕಲಹವುಂಟಾಯಿತು. ವಿದ್ಯೆಯಲ್ಲಿ ಪರಿಪೂರ್ಣನಾದರೂ ಬ್ರಾಹ್ಮಣನು ಕ್ಷತ್ರಿಯನ ಮುಂದೆ ದುರ್ಬಲನೆ ಎಂದು ಅವನು ಕುದಿದನು; ದರ್ಭೆ ಸಮಿತ್ತುಗಳನ್ನು ಹಿಡಿಯುತ್ತಿದ್ದ ಕೈಯಲ್ಲಿ ಖಡ್ಗವನ್ನು ಹಿಡಿದನು. ಶ್ರೀಪರ್ವತದವರೆಗಿನ ಕಾಡುಗಳನ್ನು ವಶಪಡಿಸಿಕೊಂಡು ಪಲ್ಲವರನ್ನು ಕಾಡಿ, ಕೊನೆಗೆ ಅವರಿಂದಲೇ ಮನ್ನಣೆ ಪಡೆದು ಕದಂಬರಾಜ್ಯವನ್ನು ಸ್ಥಾಪಿಸಿದನು. ಇದು ನಾಲ್ಕನೆಯ ಶತಮಾನದ ಮಾತು. ರಾಜನ ಊಟವಿದ್ದರೂ ವಿದ್ಯಾರ್ಥಿಯ ಮಾನಕ್ಕೆ ಧಕ್ಕೆ ಬಂದರೆ ವಿದ್ಯಾಸ್ಥಾನವು ಅವನನ್ನು ಹಿಡಿದಿಡಲಾರದೆಂಬ ನೀತಿಯನ್ನು ಅಧಿಕಾರಸ್ಥರು ಎಂದಿಗೂ ಮರೆಯಬಾರದು.

ಇಷ್ಟನ್ನು ಹೇಳಿ, ಹಿಂದಿನದೆಲ್ಲವೂ ಸುವರ್ಣಯುಗವೆಂದು ಮುಗಿಸಿದರೆ ಸತ್ಯಕ್ಕೆ ಅಪಚಾರವಾಗುವುದು. ಶಾಸನವು ದಾತನ ಸಂಕಲ್ಪವನ್ನು ಹೇಳುತ್ತದೆಯೇ ಹೊರತು ವಿದ್ಯಾರ್ಥಿಯ ಅನುಭವವನ್ನಲ್ಲ. ಆರು ನಾಳಿ ಕೊಡತಕ್ಕದ್ದೆಂದು ಬರೆದಿದೆ. ಆರೂ ನಾಳಿ ಪ್ರತಿದಿನವೂ ಅವನ ಕೈಸೇರಿತೆಂಬುದಕ್ಕೆ ಕಲ್ಲು ಸಾಕ್ಷಿಯಲ್ಲ. ಮತ್ತೊಂದು ಮಾತು ಇದಕ್ಕಿಂತ ಗುರುತರವಾದುದು. ಈ ಶಾಲೆಗಳ ಬಾಗಿಲು ದ್ವಿಜಬಾಲಕರಿಗೆ ತೆರೆದಿದ್ದಿತು. ಬಾಲಿಕೆಯರ ಹೆಸರು ಅವುಗಳ ಲೆಕ್ಕದಲ್ಲಿ ಇಲ್ಲ. ಆ 500 ನಿವರ್ತನ ಭೂಮಿಯನ್ನು ಉತ್ತು ಬೆಳೆದವನ ಮಗನ ಹೆಸರೂ ಇಲ್ಲ. ದೀಪಕ್ಕೆ ಎಣ್ಣೆಯನ್ನು ತೆಗೆದವನೊಬ್ಬ, ಚಾಪೆಯನ್ನು ಹೆಣೆದವನೊಬ್ಬ. ಆ ದೀಪದ ಬೆಳಕಿನಲ್ಲಿ ಆ ಚಾಪೆಯ ಮೇಲೆ ಕುಳಿತು ಓದಿದವನು ಬೇರೊಬ್ಬ. ಸಂಸ್ಕೃತವನ್ನು ಓದಿ ಅದರಿಂದಲೇ ಅನ್ನವನ್ನುಂಡ ನಮ್ಮಂಥವರು ಈ ಮಾತನ್ನು ಇತರರು ಹೇಳುವುದಕ್ಕೆ ಮೊದಲೇ ಹೇಳಬೇಕು.

ಹಾಗಾದರೆ ಈ ಕಲ್ಲುಗಳಿಂದ ನಾವು ಕಲಿಯಬೇಕಾದುದೇನು? ವಿದ್ಯಾಸ್ಥಾನದ ಹಿರಿಮೆಯನ್ನು ಅದರ ಗೋಪುರದಿಂದ ಅಳೆಯಬಾರದು. ಅಲ್ಲಿಯ ವಿದ್ಯಾರ್ಥಿಗೆ ದೊರೆಯುವ ಅನ್ನ, ದೀಪ, ಚಾಪೆ, ಔಷಧಗಳಿಂದ ಅಳೆಯಬೇಕು ಎಂಬುದೊಂದು. ಅವೆಲ್ಲವೂ ಯಾರ ದುಡಿಮೆಯಿಂದ ಬರುತ್ತವೆಯೋ ಅವರ ಮಕ್ಕಳೂ ಆ ದೀಪದ ಮುಂದೆ ಕುಳಿತಾಗಲೇ ದಾನವು ಪೂರ್ಣವಾಗುವುದೆಂಬುದು ಇನ್ನೊಂದು. ಮೊದಲನೆಯದನ್ನು ನಾರಾಯಣ ಮಧುಸೂದನರು ತಮ್ಮ ಕಾಲದಲ್ಲಿ ನಡೆಸಿ ತೋರಿಸಿದರು. ಎರಡನೆಯದರ ಭಾರವು ಅವರಿಂದ ನಮ್ಮ ಹೆಗಲಿಗೆ ಬಂದಿರುವುದು.