ಹ್ಯಾಂಬರ್ಗಿನ ಪೌರಸಭೆ: ‘ಪೌರ’ ಎಂಬ ಪದದ ವ್ಯಾಪ್ತಿ

ಜರ್ಮನಿಯ ನಗರರಾಜ್ಯವಾದ ಹ್ಯಾಂಬರ್ಗಿನ ಶಾಸನಸಭೆಗೆ ‘ಬ್ಯುರ್ಗರ್‌ಶಾಫ್ಟ್’ ಎಂದು ಹೆಸರು. ಪೌರರ ಸಮುದಾಯ ಎಂಬುದು ಅದರ ಮೂಲಾರ್ಥ. ಸಮುದಾಯಕ್ಕೂ ಅದರ ಪ್ರತಿನಿಧಿಸಭೆಗೂ ಒಂದೇ ಪದ ಸಲ್ಲುತ್ತದೆ. ಆ ಪದದೊಳಗೆ ಯಾರು ಯಾರು ಸೇರಬೇಕು ಎಂಬ ಜಗಳವೇ ಈ ಸಭೆಯ ಇತಿಹಾಸವಾಗಿದೆ.

ಹಿಂದೆ ನಗರದಲ್ಲಿ ಸ್ಥಿರಾಸ್ತಿ ಹೊಂದಿದ್ದ ಪೌರರೇ ನೇರವಾಗಿ ಸೇರುತ್ತಿದ್ದ ಈ ಸಭೆ 1859ರಲ್ಲಿ ಚುನಾಯಿತ ಸಭೆಯಾಯಿತು. ಆದರೆ ಅದರ 192 ಸ್ಥಾನಗಳಲ್ಲಿ ತೆರಿಗೆ ತೆರುವ ಪೌರರ ಸಾಮಾನ್ಯ ಮತಕ್ಕೆ ಬಿಟ್ಟದ್ದು 84 ಮಾತ್ರ. 48 ಸ್ಥಾನಗಳು ಭೂಮಾಲೀಕರಿಗೂ 60 ಸ್ಥಾನಗಳು ಗಣ್ಯವರ್ಗಕ್ಕೂ ಮೀಸಲಾಗಿದ್ದವು. ನಗರದಲ್ಲಿ ವಾಸಿಸಿದ ಮಾತ್ರಕ್ಕೆ ಯಾರೂ ಪೌರರಾಗುತ್ತಿರಲಿಲ್ಲ. ಪ್ರಮಾಣವಚನ ಸ್ವೀಕರಿಸಿ ಆ ಹಕ್ಕನ್ನು ಪಡೆಯಬೇಕಿತ್ತು. ಬಂದರಿನ ದುಡಿಮೆಗಾರರು ಬಹುಮಟ್ಟಿಗೆ ಹೊರಗೇ ಉಳಿದರು.

1901ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಆಟೊ ಸ್ಟೋಲ್ಟನ್ ಒಬ್ಬರೇ ಆಯ್ಕೆಯಾದರು. 1904ರಲ್ಲಿ ಆ ಪಕ್ಷದ ಸದಸ್ಯರು 13 ಮಂದಿಯಾದರು. ಆಳುವ ವರ್ಗಕ್ಕೆ ಇಷ್ಟೇ ಸಾಕಾಯಿತು. 1906ರಲ್ಲಿ ಮತದಾರರನ್ನು ಆದಾಯದ ಮೇಲೆ ವಿಂಗಡಿಸಿ, ವರ್ಷಕ್ಕೆ 2500 ಮಾರ್ಕ್‌ಗಿಂತ ಹೆಚ್ಚು ಗಳಿಸುವವರಿಗೆ ದುಪ್ಪಟ್ಟು ಸ್ಥಾನಗಳನ್ನು ಕೊಡುವ ಕಾನೂನು ಬಂದಿತು. ಅದನ್ನು ವಿರೋಧಿಸಿ ಜನವರಿ 17ರಂದು ಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಜನರ ಬಾಯಲ್ಲಿ ಆ ದಿನ ‘ಕೆಂಪು ಬುಧವಾರ’ವಾಗಿ, ಆ ಕಾನೂನು ‘ಮತದ ಹಕ್ಕಿನ ದರೋಡೆ’ಯಾಗಿ ಉಳಿದವು. ಶಾಸನದ ಅಧಿಕೃತ ಹೆಸರಿಗಿಂತ ಈ ಹೆಸರುಗಳೇ ಹೆಚ್ಚು ಕಾಲ ಬಾಳಿವೆ.

1919ರಲ್ಲಿ ಸ್ತ್ರೀಪುರುಷರಿಬ್ಬರಿಗೂ ಸಮಾನ ಮತ ದೊರೆಯಿತು. ಸ್ತ್ರೀಶಿಕ್ಷಣಕ್ಕಾಗಿ ಹೋರಾಡಿದ ಹೆಲೆನೆ ಲಾಂಗೆ ಹಿರಿಯ ಸದಸ್ಯೆಯಾಗಿ ಮಾರ್ಚ್ 24ರ ಮೊದಲ ಅಧಿವೇಶನವನ್ನು ಆರಂಭಿಸಿದರು. 1933ರಲ್ಲಿ ನಾಜಿಗಳ ಆಳ್ವಿಕೆಯಲ್ಲಿ ವಿಸರ್ಜನೆಗೊಂಡ ಸಭೆಗೆ 1946ರಲ್ಲಿ ಮತ್ತೆ ಚುನಾವಣೆ ನಡೆಯಿತು.

ಇಂದಿನ ಮತಪದ್ಧತಿಯ ಮೂಲ 2004ರ ಜನಮತಗಣನೆಯಲ್ಲಿದೆ. ಮತದಾರನಿಗೆ ಹತ್ತು ಮತಗಳು: ಐದು ಕ್ಷೇತ್ರದ ಅಭ್ಯರ್ಥಿಗಳಿಗೆ, ಐದು ರಾಜ್ಯಮಟ್ಟದ ಪಟ್ಟಿಗಳಿಗೆ. ಆ ಐದನ್ನು ಒಬ್ಬರಿಗೇ ಕೊಡಬಹುದು, ಹಂಚಲೂಬಹುದು. 17 ಕ್ಷೇತ್ರಗಳಿಂದ 71, ಪಟ್ಟಿಗಳಿಂದ 50, ಹೀಗೆ ಮೂಲತಃ 121 ಸ್ಥಾನಗಳು. ಪಟ್ಟಿಯ ಸ್ಥಾನಕ್ಕೆ ಪಕ್ಷವು ಶೇಕಡ 5ರಷ್ಟು ಮತ ಗಳಿಸಬೇಕು. ಸಭೆಯು ಪ್ರಥಮ ಮೇಯರನ್ನು ಆರಿಸುತ್ತದೆ. ಮೇಯರ್ ನೇಮಿಸಿದ ಸೆನೆಟರುಗಳಿಗೆ ಅನುಮೋದನೆ ನೀಡುತ್ತದೆ. ಸೆನೆಟರಾದವರ ಸದಸ್ಯತ್ವ ಅಷ್ಟು ಕಾಲ ಅಮಾನತಿನಲ್ಲಿರುತ್ತದೆ. ಸದಸ್ಯರು ತಮ್ಮ ಉದ್ಯೋಗವನ್ನೂ ಉಳಿಸಿಕೊಳ್ಳುವ ರೂಢಿಯಿಂದಾಗಿ ‘ದುಡಿಮೆ ಮುಗಿದ ಮೇಲಿನ ಸಂಸತ್ತು’ ಎಂಬ ಅಡ್ಡಹೆಸರು ಇದಕ್ಕೆ ಅಂಟಿಕೊಂಡಿದೆ.

ಹದಿನಾರು ವರ್ಷ ತುಂಬಿದವರು 2015ರಿಂದ ಮತ ಹಾಕುತ್ತಿದ್ದಾರೆ. ಆದರೆ ಪರದೇಶೀಯರ ಪ್ರಶ್ನೆ ಬಗೆಹರಿದಿಲ್ಲ. ಬಹುಕಾಲದಿಂದ ನೆಲೆಸಿದ ಪರದೇಶೀಯರಿಗೆ ಜಿಲ್ಲಾಸಭೆಗಳ ಚುನಾವಣೆಯಲ್ಲಿ ಮತ ನೀಡಲು 1989ರಲ್ಲಿ ಇದೇ ಸಭೆ ಕಾನೂನು ಮಾಡಿತು; 1990ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಮುಂದೆ ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಜಿಲ್ಲಾಸಭೆಯ ಮತ ದೊರೆಯಿತಾದರೂ ಪೌರಸಭೆಯ ಚುನಾವಣೆಯಲ್ಲಿ ಅವರಿಗೂ ಮತವಿಲ್ಲ.